ಭವಾವಳಿಯನ್ನು ನೆನೆದ ಎಳೆಯರು: ಹಾಸನ ಸೀಮೆಯ ಒಂದು ನಂಬಿಕೆಯ ಚರಿತ್ರೆ

ಹಿಂದಿನ ಜನ್ಮವನ್ನು ನೆನೆದು ಹೇಳುವ ಎಳೆಯರ ಕಲ್ಪನೆ ಹಾಸನ ಸೀಮೆಗೆ ಆಧುನಿಕ ಸಂಶೋಧಕರಿಂದ ಬಂದುದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ, ಹೊಯ್ಸಳರ ಆಸ್ಥಾನದ ಕಾವ್ಯದಲ್ಲಿ, ಮುಂದೆ ಹೊಳೆನರಸೀಪುರದ ವೇದಾಂತ ಗ್ರಂಥಗಳಲ್ಲಿ ಅದು ಬೇರೆ ಬೇರೆ ರೂಪ ತಳೆದು ಉಳಿದುಬಂದಿದೆ. ಅಂಥ ನೆನಪು ದಿಟವೇ ಎಂಬುದಕ್ಕಿಂತ, ನೆನಪಾದ ಮೇಲೆ ಮಾಡಬೇಕಾದುದೇನು ಎಂಬ ಪ್ರಶ್ನೆಯನ್ನೇ ಇಲ್ಲಿನ ಜೈನ ಕವಿಗಳು ದೊಡ್ಡದಾಗಿ ಕಂಡರು.

ಜೈನಶಾಸ್ತ್ರವು ಪೂರ್ವಜನ್ಮದ ನೆನಪನ್ನು ಜಾತಿಸ್ಮರಣೆ ಎಂದು ಕರೆದು, ಇಂದ್ರಿಯ ಹಾಗೂ ಮನಸ್ಸಿನ ಮೂಲಕ ದೊರೆಯುವ ಅರಿವಾದ ಮತಿಜ್ಞಾನದಲ್ಲಿ ಅದನ್ನು ಸೇರಿಸುತ್ತದೆ. ಒಂದು ಜೀವ ಹಾದುಬಂದ ಜನ್ಮಗಳ ಸಾಲಿಗೆ ಭವಾವಳಿ ಎಂದು ಹೆಸರು. 941ರಲ್ಲಿ ಪಂಪ ರಚಿಸಿದ ಆದಿಪುರಾಣದಲ್ಲಿ, ಮೊದಲ ತೀರ್ಥಂಕರ ವೃಷಭನಾಥನನ್ನು ಕಂಡೊಡನೆ ಪೂರ್ವಜನ್ಮವೊಂದರಲ್ಲಿ ಮುನಿಗಳಿಗೆ ಆಹಾರವಿತ್ತುದು ರಾಜಕುಮಾರ ಶ್ರೇಯಾಂಸನ ನೆನಪಿಗೆ ಬರುತ್ತದೆ. ಯತಿಗೆ ಉಣಬಡಿಸುವ ಬಗೆಯೇ ಜನರಿಗೆ ತಿಳಿಯದಿದ್ದ ಆ ಕಾಲದಲ್ಲಿ ಅವನು ಕಬ್ಬಿನ ರಸವನ್ನು ನೀಡುತ್ತಾನೆ. ಇಂಥ ಪುರಾಣಗಳನ್ನು ಓದಿಸಿ ಕೇಳುವ ಜೈನ ಸಮಾಜ ಬೆಳಗೊಳದ ಸುತ್ತಮುತ್ತ ಮಾತ್ರವಲ್ಲದೆ, ಜೈನಧರ್ಮಕ್ಕೆ ಆಶ್ರಯವಿತ್ತ ಕೊಂಗಾಳ್ವ ಅರಸರು ಆಳಿದ ಅರಕಲಗೂಡು ಭಾಗದಲ್ಲಿಯೂ ನೆಲೆಯೂರಿತ್ತು.

ಈ ಪರಂಪರೆಯಲ್ಲಿ ಎಳೆಯರ ಬಾಯಿಂದಲೇ ಭವಾವಳಿಯನ್ನು ಹೇಳಿಸಿದ ಕನ್ನಡ ಕಾವ್ಯ 1209ರ ಯಶೋಧರ ಚರಿತೆ. ಇದರ ಕರ್ತೃ ಜನ್ನನು ದೋರಸಮುದ್ರದಿಂದ, ಎಂದರೆ ಇಂದಿನ ಹಳೇಬೀಡಿನಿಂದ, ಆಳುತ್ತಿದ್ದ ಇಮ್ಮಡಿ ವೀರಬಲ್ಲಾಳನ ಆಸ್ಥಾನದಲ್ಲಿದ್ದು ಕವಿಚಕ್ರವರ್ತಿ ಎಂಬ ಬಿರುದು ಪಡೆದವನು. ಚಂಡಮಾರಿ ದೇವತೆಗೆ ಬಲಿಯಾಗಲೆಂದು ಹಿಡಿತಂದ ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣತಂಗಿಯರು ಕತ್ತಿ ಹಿಡಿದು ನಿಂತ ಮಾರಿದತ್ತ ರಾಜನ ಮುಂದೆ ಅಂಜದೆ ನಿಲ್ಲುತ್ತಾರೆ. ಅವನು ಕೇಳಿದಾಗ ಅಭಯರುಚಿ ತಮ್ಮ ಹಿಂದಿನ ಜನ್ಮಗಳನ್ನು ವಿವರಿಸುತ್ತಾನೆ. ಅವನು ಹಿಂದೆ ಯಶೋಧರನೆಂಬ ಅರಸನಾಗಿದ್ದ, ತಂಗಿ ಆಗ ಅವನ ತಾಯಿ ಚಂದ್ರಮತಿಯಾಗಿದ್ದಳು. ಕೆಟ್ಟ ಕನಸಿನ ಶಾಂತಿಗೆ ಪ್ರಾಣಿಬಲಿ ಕೊಡಲು ಮಗ ಒಪ್ಪದಿದ್ದಾಗ, ಹಿಟ್ಟಿನ ಕೋಳಿಯನ್ನಾದರೂ ಕೊಡೆಂದು ತಾಯಿ ಒತ್ತಾಯಿಸಿದಳು. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತು. ಕೊಲ್ಲುವ ಬಗೆಯಿಂದ ಮಾಡಿದ ಕೆಲಸ ಜೀವವಿಲ್ಲದ ಬೊಂಬೆಯ ಮೇಲೆ ನಡೆದರೂ ಹಿಂಸೆಯೇ ಆಗುತ್ತದೆ, ಅದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ಅದರ ಫಲವಾಗಿ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ಹುಟ್ಟುಗಳನ್ನು ತಳೆದು, ಮತ್ತೆ ಮತ್ತೆ ಕೊಲೆಗೆ ಈಡಾದರು.

ಮಾರಿದತ್ತನು ಈ ಕಥೆಗೆ ಸಾಕ್ಷಿ ಕೇಳುವುದಿಲ್ಲ, ಕೊಲೆಯನ್ನು ಬಿಡುತ್ತಾನೆ. ಕೊಲ್ಲುವವನಿಗೆ ಕೊಲೆಯಾದವರ ನೋವನ್ನು ತಿಳಿಸುವುದೇ ಇಲ್ಲಿ ನೆನಪಿನ ಕೆಲಸವಾಗಿದ್ದು, ಪ್ರಾಣಿಬಲಿ ರೂಢಿಯಲ್ಲಿದ್ದ ಸಮಾಜದಲ್ಲಿ ಆ ಮಾತನ್ನು ಬಲಿಯಾಗಬೇಕಿದ್ದ ಎಳೆಯರಿಂದಲೇ ಆಡಿಸಿದುದು ಕಾವ್ಯದ ನೈತಿಕ ಶಕ್ತಿ.

ವೇದಾಂತಿಗಳ ದಾರಿ ಬೇರೆ. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, ಮುಂದೆ ಅದನ್ನು ಹೊಳೆನರಸೀಪುರದಲ್ಲಿ ನೆಲೆಗೊಳಿಸಿದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880–1975) ಶಂಕರಾಚಾರ್ಯರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಬೃಹದಾರಣ್ಯಕ ಭಾಷ್ಯದಲ್ಲಿ ಶಂಕರರು, ಕೆಲವರಿಗೆ ಅಭ್ಯಾಸವಿಲ್ಲದೆಯೇ ಚಿತ್ರಕಲೆಯಂಥ ಕೆಲಸಗಳಲ್ಲಿ ಹುಟ್ಟಿನಿಂದಲೇ ಕೌಶಲ ಕಾಣುವುದಕ್ಕೆ ಪೂರ್ವಪ್ರಜ್ಞೆ, ಎಂದರೆ ಹಿಂದಿನ ಅನುಭವಗಳು ಉಳಿಸಿದ ಸಂಸ್ಕಾರ, ಕಾರಣವೆನ್ನುತ್ತಾರೆ. ಊರುಹೆಸರುಗಳು ಮರೆತುಹೋದರೂ ಸಂಸ್ಕಾರ ಉಳಿಯುತ್ತದೆಂಬ ಈ ವಿಚಾರವೇ, ಮಗುವಿನ ಅಕಾಲಿಕ ಜಾಣ್ಮೆಯನ್ನು ಕಂಡು ಪೂರ್ವಜನ್ಮದ ವಾಸನೆಯೆನ್ನುವ ಮನೆಮಾತಿನಲ್ಲಿಯೂ ಇದೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಪುರಾವೆಯ ಕಡೆಗೆ ತಿರುಗಿತು. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ 1961ರಲ್ಲಿ ಭಾರತಕ್ಕೆ ಬಂದು ಇಂಥ ಮಕ್ಕಳ ಮಾತುಗಳನ್ನು ದಾಖಲಿಸತೊಡಗಿ, 1966ರಲ್ಲಿ ಇಪ್ಪತ್ತು ಪ್ರಕರಣಗಳ ಗ್ರಂಥವನ್ನು ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಅವರ ಅಧ್ಯಯನ ಗ್ರಂಥ 1990ರಲ್ಲಿ ಹೊರಬಂದಿತು. ಭಾರತದಲ್ಲಿ ಅವರಿಗೆ ದೊರೆತ ಪ್ರಕರಣಗಳಲ್ಲಿ ಹೆಚ್ಚಿನವು ಉತ್ತರದವು, ದಕ್ಷಿಣದಿಂದ ಬಂದ ವರದಿಗಳು ತೀರ ವಿರಳ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಹಿಂದಿನ ಜನ್ಮದ ಮಾತು ಆರಂಭಿಸುವ ಮಕ್ಕಳು ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟುಬಿಡುತ್ತಾರೆಂದೂ, ಅವರು ಹೇಳುವ ಹಿಂದಿನ ವ್ಯಕ್ತಿಗಳಲ್ಲಿ ಹಲವರು ಅಪಮೃತ್ಯುವಿಗೆ ಈಡಾದವರೆಂದೂ ದಾಖಲೆಗಳು ತೋರಿಸುತ್ತವೆ. ಹಿರಿಯರ ಪ್ರಶ್ನೆಗಳೇ ಉತ್ತರವನ್ನು ಸೂಚಿಸಿರಬಹುದು, ಕೇಳಿ ಮರೆತ ಸಂಗತಿಯೇ ಸ್ವಂತ ನೆನಪಾಗಿ ತೋರಬಹುದು ಎಂಬ ವಿಮರ್ಶಕರ ಆಕ್ಷೇಪಗಳೂ ಅಷ್ಟೇ ಗಂಭೀರವಾಗಿದ್ದು, ವಿಜ್ಞಾನ ಪುನರ್ಜನ್ಮವನ್ನು ಸಿದ್ಧಪಟ್ಟ ಸಂಗತಿಯೆಂದು ಒಪ್ಪಿಲ್ಲ.

ಪುರಾವೆಯ ಪರೀಕ್ಷೆ ನಡೆಯುತ್ತಲೇ ಇರಬೇಕು, ಆದರೆ ಜನ್ನನ ಕಾವ್ಯದ ವಿವೇಕ ಆ ಪರೀಕ್ಷೆಯ ಫಲಿತಾಂಶಕ್ಕೆ ಕಾದು ಕುಳಿತಿಲ್ಲ. ಹಿಂದೆ ಅನುಭವಿಸಿದ ನೋವನ್ನು ಹೇಳಿಕೊಳ್ಳುವ ಮಗುವನ್ನು ಜಾತ್ರೆಯ ನೋಟವಾಗಿಸುವುದಾಗಲಿ, ಸುಳ್ಳುಗಾರನೆಂದು ಗದರಿಸುವುದಾಗಲಿ ಆ ವಿವೇಕಕ್ಕೆ ವಿರುದ್ಧ. ಅಭಯರುಚಿಯ ಮಾತನ್ನು ಮಾರಿದತ್ತ ಕೊನೆಯವರೆಗೂ ಕೇಳಿ, ತನ್ನ ನಡತೆಯನ್ನು ತಿದ್ದಿಕೊಂಡುದರಿಂದಲೇ ಎರಡು ಜೀವಗಳು ಉಳಿದವು. ಪುನರ್ಜನ್ಮವನ್ನು ನಂಬುವವರೂ ನಂಬದವರೂ ಎಳೆಯರಿಗೆ ಸಲ್ಲಿಸಬೇಕಾದ ಗೌರವ ಅದೇ.