ಹಂಚಿನ ಮೇಲಿನ ಪಾಚಿ

ಹಂಚು ಬರುವ ಮುಂಚೆ ಕರಾವಳಿಯ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು ಇಲ್ಲವೇ ಮಡಲಿನ ಮಾಡು. ಅದನ್ನು ಆಗಾಗ ಹೊಸತಾಗಿ ಹೊದಿಸಬೇಕಿತ್ತು. ಬೆಂಕಿಯ ಭಯ ಬೇರೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ, ಈ ಚಾಕರಿ ಮುಗಿಯಿತೆಂದೇ ಜನ ಭಾವಿಸಿರಬೇಕು. ಮುಗಿಯಲಿಲ್ಲ.

ಸುಟ್ಟ ಜೇಡಿಮಣ್ಣು ನೀರು ಹೀರುತ್ತದೆ; ಸರಿಯಾಗಿ ಬೇಯದ ಹಂಚಂತೂ ಇನ್ನಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೇಲೆ ಹಲಸು ಮಾವಿನ ನೆರಳು. ಪಾಚಿಗೆ ಇನ್ನೇನು ಬೇಕು? ಅದಕ್ಕೆ ನಿಜವಾದ ಬೇರಿಲ್ಲ, ಹಂಚಿನ ಮೈಗೆ ಅಂಟಿಕೊಂಡಿರುತ್ತದೆ ಅಷ್ಟೆ. ಆದರೆ ಹಂಚಿನ ಕಾಲುವೆಯಲ್ಲಿ ತರಗೆಲೆಯೊಂದಿಗೆ ಸೇರಿ ನೀರಿಗೆ ಅಡ್ಡ ನಿಂತರೆ, ದಾರಿ ಕಾಣದ ನೀರು ಒಳಗಿಳಿದು ಪಕ್ಕಾಸು, ರೀಪುಗಳನ್ನು ಕೊಳೆಯಿಸುತ್ತದೆ. ಬೇಸಿಗೆಯಲ್ಲಿ ಒಣಗಿ ಕಪ್ಪಾದ ಪಾಚಿ ಸತ್ತಿತೆಂದು ತಿಳಿಯಬಾರದು; ಮೊದಲ ಮಳೆಗೇ ಹಸುರಾಗುತ್ತದೆ.

ಹಾಗಾಗಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ, ಒಣಪಾಚಿ ಕೆರೆದು, ಒಡೆದ ಹಂಚು ಬದಲಿಸುವ ಕೆಲಸ ಉಳಿದೇ ಉಳಿಯಿತು. ಬಲ್ಲವರು ಪಕ್ಕಾಸಿನ ನೇರಕ್ಕೇ ಕಾಲಿಡುತ್ತಾರೆ. ಒದ್ದೆ ಪಾಚಿಯ ಮೇಲೆ ಆ ಜಾಣ್ಮೆಯೂ ನಡೆಯದು. ಜಾರಿ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಊರುಗಳಲ್ಲಿದ್ದಾರೆ. ಹಂಚಿನ ಚರಿತ್ರೆಯಲ್ಲಿ ಪ್ಲೆಬ್ಸ್ಟ್ ಇದ್ದಾರೆ, ಕಾರ್ಖಾನೆಗಳ ಹೆಸರುಗಳಿವೆ (ಅವು ಹಂಚಿನ ಅಡಿಯಲ್ಲೇ ಅಚ್ಚಾಗಿವೆ). ಮಾಡು ಹತ್ತಿದವರ ಹೆಸರು ಮಾತ್ರ ಇಲ್ಲ.

ಈಗ ರಭಸವಾಗಿ ನೀರು ಹಾಯಿಸುವ ಯಂತ್ರಗಳು ಬಂದಿವೆ. ಕ್ಷಣದಲ್ಲಿ ಹಂಚು ಕೆಂಪಾಗುತ್ತದೆ, ನಿಜ. ಆದರೆ ಒತ್ತಡ ಹೆಚ್ಚಾದರೆ ಹಂಚಿನ ಮೈಯೂ ಸವೆದು ಒರಟಾಗುತ್ತದೆ. ಮರುವರ್ಷ ಪಾಚಿ ಅಲ್ಲೇ ಮೊದಲು ಕೂರುತ್ತದೆ.