ಪ್ರಿಂಟರ್ ಉತ್ತರ ಕೊಡಲು ಕಲಿತ ಕಥೆ

ಮನೆಯ ರೌಟರ್‌ನ ಹಿಂಬದಿಯಲ್ಲಿ ಸಾಲಾಗಿ ಕಾಣುವ ಚೌಕ ಕಿಂಡಿಗಳಿಗೆ ಈಥರ್ನೆಟ್ ಪೋರ್ಟ್ ಎಂದು ಹೆಸರು. ಇಂಟರ್ನೆಟ್ಟಿಗಾಗಿಯೇ ಅವು ಹುಟ್ಟಿದವೆಂದು ನಂಬಿರುವವರು ಬಹಳ. ಆದರೆ ಈಥರ್ನೆಟ್ ಹುಟ್ಟುವುದಕ್ಕೆ ಒತ್ತಾಸೆಯಾಗಿ ನಿಂತದ್ದು ಒಂದು ಪ್ರಿಂಟರ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಆಲ್ಟೊ ಎಂಬ ಪುಟ್ಟ ಕಂಪ್ಯೂಟರುಗಳು ಸಿದ್ಧವಾಗುತ್ತಿದ್ದವು. ಅದೇ ಕಟ್ಟಡದಲ್ಲಿ ಲೇಸರ್ ಕಿರಣದಿಂದ ಪುಟ ಮೂಡಿಸುವ ಹೊಸ ಯಂತ್ರವೊಂದು ತಯಾರಾಗಿತ್ತು. ಪ್ರತಿ ಮೇಜಿನ ಮೇಲೂ ಕಂಪ್ಯೂಟರ್, ಎಲ್ಲರಿಗೂ ಸೇರಿ ಒಂದು ಪ್ರಿಂಟರ್. ಇವೆರಡನ್ನೂ ಬೆಸೆಯುವ ಕೆಲಸ ಬಾಬ್ ಮೆಟ್‌ಕಾಫ್ ಎಂಬ ಯುವ ಎಂಜಿನಿಯರ್ ಪಾಲಿಗೆ ಬಂತು. ಆ ವರ್ಷದ ಮೇ 22ರಂದು ಅವರು ತಮ್ಮ ಯೋಜನೆಯನ್ನು ಟಿಪ್ಪಣಿಯಾಗಿ ಬರೆದು ಸಹೋದ್ಯೋಗಿಗಳ ಮುಂದಿಟ್ಟರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅವರು ಎಳೆದ ಮೊದಲ ಕೇಬಲ್ ಸೆಕೆಂಡಿಗೆ 2.94 ಮೆಗಾಬಿಟ್ ಮಾಹಿತಿಯನ್ನು ಸಾಗಿಸುತ್ತಿತ್ತು.

ಆ ಪ್ರಿಂಟರ್‌ನ ಹಿಂದೆಯೂ ಒಂದು ಹಟದ ಕಥೆ ಇದೆ. ಗ್ಯಾರಿ ಸ್ಟಾರ್ಕ್‌ವೆದರ್ ನ್ಯೂಯಾರ್ಕ್ ರಾಜ್ಯದಲ್ಲಿದ್ದ ಜೆರಾಕ್ಸ್ ಪ್ರಯೋಗಾಲಯದ ದೃಗ್ವಿಜ್ಞಾನಿ. ನಕಲು ಯಂತ್ರದೊಳಗೆ ಮೂಲ ಕಾಗದದ ಬದಲು ಲೇಸರ್ ಕಿರಣವನ್ನೇ ಆಡಿಸಿ ಅಕ್ಷರ ಬರೆಯಿಸಬಹುದೆಂದು 1967ರಲ್ಲೇ ಅವರಿಗೆ ಹೊಳೆದಿತ್ತು. ಮೇಲಧಿಕಾರಿಗಳಿಗೆ ಅದು ರುಚಿಸಲಿಲ್ಲ, ಕೈಬಿಡುವಂತೆ ಹೇಳಿದರು. ಸ್ಟಾರ್ಕ್‌ವೆದರ್ ಬಿಡಲಿಲ್ಲ. 1971ರಲ್ಲಿ ಪಾಲೊ ಆಲ್ಟೊಗೆ ವರ್ಗವಾಗಿ ಹೋಗಿ, ಒಂಬತ್ತು ತಿಂಗಳಲ್ಲಿ ಜೆರಾಕ್ಸ್‌ನದೇ ನಕಲು ಯಂತ್ರವನ್ನು ಮಾರ್ಪಡಿಸಿ ಲೇಸರ್ ಪ್ರಿಂಟರ್ ಕಟ್ಟಿದರು. ಅದು ಸೆಕೆಂಡಿಗೆ ಒಂದು ಪುಟ ಹೊರಹಾಕುತ್ತಿತ್ತು. ಅಷ್ಟು ವೇಗದ ಯಂತ್ರಕ್ಕೆ ಮಾಹಿತಿ ಉಣಿಸಲು ಆ ಕಾಲದ ಸೀರಿಯಲ್ ತಂತಿಗಳು ಸಾಲುತ್ತಿರಲಿಲ್ಲ. ಈಥರ್ನೆಟ್ ಬೇಕಾದದ್ದು ಅದಕ್ಕೇ.

ಹೀಗೆ ತಂತಿ ಬಂತು, ವೇಗವೂ ಬಂತು. ಆದರೆ ಪ್ರಿಂಟರ್ ಎಂಬುದು ಬಳಸುವವರ ಕಣ್ಣಿಗೆ ಬೀಳದ ಜಾಗದಲ್ಲಿ ನಿಂತ ಯಂತ್ರವಾಯಿತು. ಕಾಗದ ಮುಗಿಯಿತೇ, ಒಳಗೆಲ್ಲೋ ಸಿಕ್ಕಿಹಾಕಿಕೊಂಡಿತೇ, ಕೊಟ್ಟ ಕೆಲಸ ಸರದಿಯಲ್ಲಿ ಎಷ್ಟನೆಯದು ಎಂದು ತಿಳಿಯಲು ಎದ್ದು ಹೋಗಿಯೇ ನೋಡಬೇಕು. ನೆಟ್‌ವರ್ಕ್ ಪ್ರಿಂಟರ್‌ನ ಮುಂದಿನ ಐವತ್ತು ವರ್ಷಗಳ ಇತಿಹಾಸವನ್ನು ಈ ಒಂದು ಕೊರತೆಯ ಸುತ್ತ ಓದಬಹುದು. ಕೆಲಸ ಒಯ್ಯುವ ತಂತಿ ಬೇಗ ಸಿಕ್ಕಿತು. ಆ ಕೆಲಸ ಏನಾಯಿತೆಂದು ಮರಳಿ ತಿಳಿಸುವ ಪದ್ಧತಿ ಮಾತ್ರ ಬಹಳ ತಡವಾಗಿ ಬಂತು.

ಈ ಕೊರತೆಯಿಂದ ಹುಟ್ಟಿದ ಅಸಮಾಧಾನವೊಂದು ಸಾಫ್ಟ್‌ವೇರ್ ಲೋಕದ ದಿಕ್ಕನ್ನೇ ಬದಲಿಸಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಪ್ರೋಗ್ರಾಮರ್ ಆಗಿದ್ದರು. ಅಲ್ಲಿನ ಹಳೆಯ ಪ್ರಿಂಟರ್‌ನ ಪ್ರೋಗ್ರಾಂ ಅನ್ನು ಅವರೇ ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿದ್ದವರ ಪರದೆಗೆ ಸೂಚನೆ ಹೋಗುವಂತೆ ಮಾಡಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಹೊಸ ಲೇಸರ್ ಪ್ರಿಂಟರ್ ಒಂದನ್ನು ಪ್ರಯೋಗಾಲಯಕ್ಕೆ ಕೊಡುಗೆಯಾಗಿ ಕೊಟ್ಟಿತು. ವೇಗವಿತ್ತು, ಅಚ್ಚು ಚೆಂದವಿತ್ತು. ಮೂಲ ಕೋಡ್ ಮಾತ್ರ ಕೊಟ್ಟಿರಲಿಲ್ಲ. ಸೂಚನೆ ಕಳಿಸುವಂತೆ ತಿದ್ದಲು ದಾರಿಯೇ ಇರಲಿಲ್ಲ. ಆ ಕೋಡ್ ಇದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿ ಅವರು ನಿರಾಕರಿಸಿದರು. ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದರು. ಸ್ವತಂತ್ರ ತಂತ್ರಾಂಶ ಚಳವಳಿಯ ಬೇರು ಹುಡುಕುವವರು ಇಂದಿಗೂ ಆ ಮೂಕ ಪ್ರಿಂಟರ್‌ನ ಬಳಿಗೇ ಬರುತ್ತಾರೆ.

ಅಷ್ಟರಲ್ಲಿ ಯಂತ್ರವೇ ಕುಗ್ಗತೊಡಗಿತ್ತು. 1977ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ 9700 ನಿಮಿಷಕ್ಕೆ 120 ಪುಟ ಅಚ್ಚು ಹಾಕುತ್ತಿತ್ತಾದರೂ ಅದಕ್ಕೆ ಒಂದು ಕೋಣೆಯೇ ಬೇಕಿತ್ತು. ಜಪಾನಿನ ಕ್ಯಾನನ್ ಕಂಪನಿ ಲೇಸರ್ ಎಂಜಿನ್ ಅನ್ನು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿ ಮಾಡಿತು. ಅದೇ ಎಂಜಿನ್ ಇಟ್ಟುಕೊಂಡು ಎಚ್‌ಪಿ 1984ರಲ್ಲಿ ಲೇಸರ್‌ಜೆಟ್ ತಂದಿತು, 1985ರಲ್ಲಿ ಆಪಲ್ ಲೇಸರ್‌ರೈಟರ್ ತಂದಿತು. ಲೇಸರ್‌ರೈಟರ್‌ನ ಬೆಲೆ 6,995 ಡಾಲರ್. ಒಬ್ಬರೇ ಕೊಳ್ಳುವ ವಸ್ತು ಅದಾಗಿರಲಿಲ್ಲ. ಹಾಗಾಗಿ ಹಲವು ಮ್ಯಾಕಿಂಟಾಷ್‌ಗಳು ಒಂದೇ ಪ್ರಿಂಟರ್ ಹಂಚಿಕೊಳ್ಳಲೆಂದು ಆಪಲ್ ಅಗ್ಗದ ಕೇಬಲ್ ಜಾಲವೊಂದನ್ನೂ ಒದಗಿಸಿತು. ಜೆರಾಕ್ಸ್ ಬಿಟ್ಟು ಬಂದು ಅಡೋಬಿ ಕಟ್ಟಿದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಅವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅದರೊಳಗಿತ್ತು. ಪುಟದ ವಿವರಣೆಯನ್ನು ಓದಿ ಅರ್ಥಮಾಡಿಕೊಳ್ಳಬೇಕಾಗಿದ್ದರಿಂದ ಪ್ರಿಂಟರ್‌ಗೆ ಅಂದಿನ ಮ್ಯಾಕಿಂಟಾಷ್‌ಗಿಂತ ವೇಗದ ಪ್ರೊಸೆಸರ್ ಮತ್ತು ಹೆಚ್ಚಿನ ಮೆಮೊರಿ ಇಡಲಾಗಿತ್ತು. ಈ ಯಂತ್ರ ಬಾಯಿ ತೆರೆದಿತ್ತು. ಕಾಗದ ಮುಗಿದರೆ ಮ್ಯಾಕಿಂಟಾಷ್‌ನ ಪರದೆಯ ಮೇಲೇ ಸುದ್ದಿ ಬರುತ್ತಿತ್ತು.

ಬೇರೆ ಕಡೆ ಹಾಗಿರಲಿಲ್ಲ. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಲೋಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ ಎಲ್‌ಪಿಡಿ ಎಂಬ ಪದ್ಧತಿ ಬಳಕೆಯಲ್ಲಿತ್ತು. 1990ರಲ್ಲಿ ಅದರ ವಿವರ ಬರಹರೂಪದಲ್ಲಿ ಪ್ರಕಟವಾಯಿತು. ಕೆಲಸವನ್ನು ಸರದಿಗೆ ಸೇರಿಸುವುದು, ತೆಗೆಯುವುದು, ಸರದಿ ತೋರಿಸುವುದು ಅದಕ್ಕೆ ಬರುತ್ತಿತ್ತು. ಪ್ರಿಂಟರ್‌ನ ಒಳಗಿನ ಸ್ಥಿತಿಯನ್ನು ಖಚಿತವಾಗಿ ಹೇಳುವ ಒಪ್ಪಿತ ಮಾತು ಅದರಲ್ಲಿರಲಿಲ್ಲ. 1991ರಲ್ಲಿ ಎಚ್‌ಪಿ ಜೆಟ್‌ಡೈರೆಕ್ಟ್ ಎಂಬ ನೆಟ್‌ವರ್ಕ್ ಕಾರ್ಡನ್ನು ಪ್ರಿಂಟರ್‌ನೊಳಗೇ ಕೂರಿಸಿತು. ಅದಕ್ಕೆ ಮೊದಲು ಪ್ರಿಂಟರ್ ಯಾವುದೋ ಒಂದು ಕಂಪ್ಯೂಟರ್‌ಗೆ ಜೋತುಬಿದ್ದಿರುತ್ತಿತ್ತು. ಆ ಕಂಪ್ಯೂಟರ್ ಆರಿದರೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಈಗ ಪ್ರಿಂಟರ್‌ಗೇ ಸ್ವಂತ ವಿಳಾಸ ಸಿಕ್ಕಿತು. ಆ ವಿಳಾಸದ 9100ನೇ ಪೋರ್ಟಿಗೆ ಮಾಹಿತಿ ಸುರಿದರೆ ಸಾಕು, ಪುಟ ಹೊರಬರುತ್ತಿತ್ತು. ಸರಳವಾದ ಈ ದಾರಿ ಇಂದಿಗೂ ಬಹುತೇಕ ಆಫೀಸ್ ಪ್ರಿಂಟರುಗಳಲ್ಲಿ ತೆರೆದೇ ಇದೆ.

ಕೇಬಲ್ಲೂ ಆಗಲೇ ಬದಲಾಗಿತ್ತು. ಮೊದಲ ದಿನಗಳ ದಪ್ಪ ಕೋಆಕ್ಸಿಯಲ್ ಕೇಬಲ್ ಕಟ್ಟಡದುದ್ದಕ್ಕೂ ಒಂದೇ ಎಳೆಯಾಗಿ ಓಡುತ್ತಿತ್ತು. ಅದರಲ್ಲಿ ಎಲ್ಲೇ ಸಡಿಲವಾದರೂ ಇಡೀ ಜಾಲ ಬಿದ್ದುಹೋಗುತ್ತಿತ್ತು. 1990ರಲ್ಲಿ ಮಾನಕವಾದ 10ಬೇಸ್-ಟಿ, ದೂರವಾಣಿ ತಂತಿಯಂತೆ ಹೆಣೆದ ಜೋಡಿ ಎಳೆಗಳನ್ನು ಬಳಸಿ ಪ್ರತಿ ಯಂತ್ರಕ್ಕೂ ನಡುವಿನ ಹಬ್‌ನಿಂದ ಬೇರೆ ಬೇರೆ ಕೇಬಲ್ ಎಳೆಯುವ ಕ್ರಮ ತಂದಿತು. ಒಬ್ಬರ ಕೇಬಲ್ ಕಿತ್ತರೆ ಒಬ್ಬರಿಗಷ್ಟೇ ತೊಂದರೆ. ಇಂದಿನ ಮನೆಯ ರೌಟರ್ ಅದೇ ಕ್ರಮದ ವಾರಸುದಾರ.

ಕರ್ನಾಟಕದಲ್ಲಿ ಆ ಹೊತ್ತು ಡಾಟ್ ಮ್ಯಾಟ್ರಿಕ್ಸ್‌ನ ಕಾಲ. ವಿಪ್ರೊ ಬಳಗದಿಂದ ಬೇರೆಯಾದ ವೆಪ್ ಮೈಸೂರಿನಲ್ಲೂ, ಟಿವಿಎಸ್ ಎಲೆಕ್ಟ್ರಾನಿಕ್ಸ್ ತುಮಕೂರಿನಲ್ಲೂ ಇಂಥ ಪ್ರಿಂಟರುಗಳನ್ನು ತಯಾರಿಸಿದವು. ಬ್ಯಾಂಕಿನ ಪಾಸ್‌ಬುಕ್ಕು, ಗೋದಾಮಿನ ಬಿಲ್ಲು ಎಲ್ಲವೂ ಅವುಗಳ ಸೂಜಿಗಳಿಂದಲೇ ಮೂಡಿಬಂದವು. ಆದರೆ ಆ ಯಂತ್ರಗಳ ಮೆಮೊರಿಯಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರರೂಪಗಳು. ಒತ್ತಕ್ಷರ, ಗುಣಿತಾಕ್ಷರಗಳ ಕನ್ನಡ ಬೇಕೆಂದರೆ ಪ್ರತಿ ಸಾಲನ್ನೂ ಚಿತ್ರವಾಗಿಸಿ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಕಂಪ್ಯೂಟರ್‌ನೊಳಗೆ ಕೂತು ಭಾರತೀಯ ಲಿಪಿಗಳಿಗೆ ದಾರಿ ಮಾಡಿಕೊಟ್ಟಿತು. ಲೇಸರ್ ಪ್ರಿಂಟರ್ ಬಂದ ಮೇಲೆ ಊರೂರಿನ ಡಿಟಿಪಿ ಅಂಗಡಿಗಳು ಕನ್ನಡ ಪುಟಗಳನ್ನು ಬಟರ್ ಪೇಪರ್ ಮೇಲೆ ತೆಗೆದು ಆಫ್‌ಸೆಟ್ ಮುದ್ರಣಾಲಯಕ್ಕೆ ಕಳಿಸತೊಡಗಿದವು. ಮದುವೆಯ ಕರೆಯೋಲೆಯಿಂದ ಕವನ ಸಂಕಲನದವರೆಗೆ ಕನ್ನಡದ ಅಚ್ಚಿನ ಒಂದು ಇಡೀ ತಲೆಮಾರು ಆ ದಾರಿಯಲ್ಲಿ ನಡೆದಿದೆ.

ಹಲವು ಮನೆಗಳಿಗೆ ಪ್ರಿಂಟರ್ ಬಂದದ್ದು ಯುಎಸ್‌ಬಿ ಕೇಬಲ್ಲಿನ ಜೊತೆ. 1996ರಲ್ಲಿ ಬಂದ ಯುಎಸ್‌ಬಿ ಜೋಡಣೆಯನ್ನು ಸುಲಭ ಮಾಡಿತು, ಜೊತೆಗೆ ಪ್ರಿಂಟರನ್ನು ಮತ್ತೆ ಒಂದೇ ಕಂಪ್ಯೂಟರ್‌ಗೆ ಕಟ್ಟಿಹಾಕಿತು. ಪ್ರತಿ ಮಾದರಿಗೂ ಅದನ್ನು ನಡೆಸುವ ಬೇರೆ ತಂತ್ರಾಂಶ, ಅಂದರೆ ಡ್ರೈವರ್, ಪ್ರತಿ ಡ್ರೈವರ್‌ಗೂ ಒಂದು ಸಿಡಿ. ಹೊಸ ವಿಂಡೋಸ್ ಬಂದಾಗ ತಯಾರಕರು ಹೊಸ ಡ್ರೈವರ್ ಕೊಡದಿದ್ದರೆ ಚೆನ್ನಾಗಿದ್ದ ಯಂತ್ರವೇ ಮೂಲೆ ಸೇರುತ್ತಿತ್ತು.

ಇದಕ್ಕೆ ಮದ್ದು ಹುಡುಕುವ ಕೆಲಸ ಅದೇ ದಶಕದಲ್ಲಿ ನಡೆದಿತ್ತು. ಹಲವು ಕಂಪನಿಗಳ ಎಂಜಿನಿಯರುಗಳು ಕೂಡಿ ರೂಪಿಸಿದ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್, ಅಂದರೆ ಐಪಿಪಿ, 1999ರಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಇದರಲ್ಲಿ ಕಂಪ್ಯೂಟರ್ ಮೊದಲು ಪ್ರಿಂಟರನ್ನು ವಿಚಾರಿಸುತ್ತದೆ. ಯಾವ ಅಳತೆಯ ಕಾಗದ ಹಿಡಿಯುತ್ತೀಯ, ಎರಡೂ ಬದಿ ಅಚ್ಚು ಹಾಕಬಲ್ಲೆಯಾ, ಯಾವ ಬಗೆಯ ಕಡತ ಓದಬಲ್ಲೆ? ಪ್ರಿಂಟರ್ ಒಂದೊಂದಕ್ಕೂ ಉತ್ತರಿಸುತ್ತದೆ. ಕಾಗದ ಸಿಕ್ಕಿದೆ, ಟ್ರೇ ಖಾಲಿ, ಟೋನರ್ ಕಡಿಮೆ ಎಂಬುದಕ್ಕೆಲ್ಲ ಎಲ್ಲ ತಯಾರಕರೂ ಒಪ್ಪಿದ ಒಂದೇ ಪರಿಭಾಷೆ ಅದರಲ್ಲಿದೆ. ಎಂಐಟಿಯಲ್ಲಿ ಒಬ್ಬ ಪ್ರೋಗ್ರಾಮರ್ ತನ್ನ ಪ್ರಯೋಗಾಲಯಕ್ಕೆಂದು ಮಾಡಿಕೊಂಡಿದ್ದ ಅನುಕೂಲ ಇಪ್ಪತ್ತು ವರ್ಷಗಳ ನಂತರ ಎಲ್ಲರಿಗೂ ದಕ್ಕುವ ನಿಯಮವಾಯಿತು. ಮೈಕೆಲ್ ಸ್ವೀಟ್ ಬರೆದ ಕಪ್ಸ್ ಎಂಬ ತಂತ್ರಾಂಶ ಐಪಿಪಿಯನ್ನು ಲಿನಕ್ಸ್‌ಗೂ, 2002ರಿಂದ ಮ್ಯಾಕ್‌ಗೂ ತಲುಪಿಸಿತು. ಅದೇ ವರ್ಷ ಆಪಲ್ ತಂದ ಬಾಂಜೂರ್, ಪ್ರಿಂಟರ್ ತನ್ನ ಹೆಸರನ್ನು ತಾನೇ ಜಾಲದಲ್ಲಿ ಸಾರುವಂತೆ ಮಾಡಿತು. 2010ರ ಏರ್‌ಪ್ರಿಂಟ್ ಮತ್ತು 2013ರ ಐಪಿಪಿ ಎವ್ರಿವೇರ್ ಈ ಎರಡನ್ನೂ ಕೂಡಿಸಿ, ಡ್ರೈವರ್ ಇಲ್ಲದೆಯೇ ಅಚ್ಚು ಹಾಕುವ ಕ್ರಮವನ್ನು ನೆಲೆಗೊಳಿಸಿದವು. ಹೊರಗಿನ ತಯಾರಕರ ಹಳೆಯ ಡ್ರೈವರುಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು.

ಕನ್ನಡಕ್ಕೆ ಇದರಿಂದ ದೊಡ್ಡ ಲಾಭವಾಗಿದೆ. ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಈಗ ಪೂರ್ತಿ ಕಂಪ್ಯೂಟರ್ ಅಥವಾ ಮೊಬೈಲಿನಲ್ಲೇ ಮುಗಿಯುತ್ತದೆ. ಪ್ರಿಂಟರ್‌ಗೆ ತಲುಪುವುದು ಸಿದ್ಧಗೊಂಡ ಪುಟ, ಪಿಡಿಎಫ್ ಆಗಿಯೋ ಚಿತ್ರವಾಗಿಯೋ. ಯಂತ್ರಕ್ಕೆ ಕನ್ನಡ ಫಾಂಟ್ ಗೊತ್ತಿರಬೇಕಾದ ಅಗತ್ಯವೇ ಉಳಿದಿಲ್ಲ.

ಮನೆಗೆ ತಂತಿ ಜಾಲದ ಪ್ರಿಂಟರ್ ಕೊಳ್ಳುವವರಿಗೆ ಈ ಇತಿಹಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹಲವು ತಯಾರಕರ ಲೇಸರ್ ಮಾದರಿಗಳ ಹೆಸರಿನ ಕೊನೆಯಲ್ಲಿ ‘ಡಿ’ ಇದ್ದರೆ ಎರಡೂ ಬದಿಯ ಅಚ್ಚು, ‘ಎನ್’ ಇದ್ದರೆ ಈಥರ್ನೆಟ್, ‘ಡಬ್ಲ್ಯೂ’ ಇದ್ದರೆ ವೈ-ಫೈ. ಆದರೂ ಹಿಂಬದಿಯ ಕಿಂಡಿಯನ್ನು ಕಣ್ಣಾರೆ ನೋಡಿಕೊಳ್ಳುವುದು, ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಉಂಟೇ ಎಂದು ವಿಚಾರಿಸುವುದು ಮುಖ್ಯ. ವಾರಗಟ್ಟಲೆ ಪ್ರಿಂಟ್ ಕೊಡದ ಮನೆಗಳಿಗೆ ಕಪ್ಪು-ಬಿಳುಪಿನ ಲೇಸರ್ ಹೊಂದುತ್ತದೆ. ಟೋನರ್ ಒಣ ಪುಡಿ. ಇಂಕಿನಂತೆ ಒಣಗಿ ರಂಧ್ರ ಕಟ್ಟುವುದಿಲ್ಲ. ಆದರೆ ಟೋನರನ್ನು ಕಾಗದಕ್ಕೆ ಬೆಸೆಯುವ ಬಿಸಿ ರೋಲರ್ ಒಮ್ಮೆಗೇ ನೂರಾರು ವ್ಯಾಟ್ ವಿದ್ಯುತ್ ಎಳೆಯುವುದರಿಂದ ಲೇಸರ್ ಪ್ರಿಂಟರನ್ನು ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ಗೆ ಹಾಕಬಾರದು. ನೇರ ಗೋಡೆಯ ಸಾಕೆಟ್ಟೇ ಸರಿ.

ಜೋಡಣೆಗೆ ಸಾಧಾರಣ ಕ್ಯಾಟ್ 5ಇ ಕೇಬಲ್ ಸಾಕು. ಅದು ನೂರು ಮೀಟರಿನವರೆಗೂ ತೊಂದರೆ ಕೊಡದು. ಪ್ರಿಂಟರ್ ಹಜಾರದಲ್ಲಿದ್ದರೂ ಮಹಡಿಯ ಕೋಣೆಯಲ್ಲಿದ್ದರೂ ರೌಟರ್‌ಗೆ ತಲುಪುತ್ತದೆ. ಪ್ರಿಂಟರ್ ತಂತಿಯಲ್ಲಿದ್ದರೂ ವೈ-ಫೈನಲ್ಲಿರುವ ಲ್ಯಾಪ್‌ಟಾಪ್, ಮೊಬೈಲುಗಳು ಅದೇ ರೌಟರ್ ಮೂಲಕ ಪ್ರಿಂಟ್ ಕೊಡಬಲ್ಲವು. ವಿದ್ಯುತ್ ಹೋಗಿ ಬಂದಾಗ ರೌಟರ್ ಬೇರೆ ವಿಳಾಸ ಕೊಟ್ಟುಬಿಟ್ಟರೆ ‘ಆಫ್‌ಲೈನ್’ ಎಂಬ ಗೋಳು ಶುರುವಾಗಬಹುದು. ಅದಕ್ಕಾಗಿ ರೌಟರ್‌ನ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ನ ಸ್ಥಿರ ಯಂತ್ರ ಗುರುತಾದ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ಕಾಯ್ದಿರಿಸಬೇಕು. ವಿಂಡೋಸ್ ತಾನಾಗಿ ಡಬ್ಲ್ಯೂಎಸ್‌ಡಿ ಎಂಬ ಬಗೆಯಲ್ಲಿ ಸೇರಿಸಿಕೊಂಡು ಪದೇ ಪದೇ ಕೈಕೊಡುತ್ತಿದ್ದರೆ, ಅದನ್ನು ತೆಗೆದು ಕಾಯ್ದಿರಿಸಿದ ವಿಳಾಸದಿಂದಲೇ ಐಪಿಪಿ ಮೂಲಕ ಸೇರಿಸುವುದು ಒಳಿತು.

ಎಲ್ಲ ಮುಗಿದ ಮೇಲೆ ಟ್ರೇಯಲ್ಲಿನ ಕಾಗದವನ್ನೆಲ್ಲ ತೆಗೆದು ಒಂದು ಪುಟ ಪ್ರಿಂಟ್ ಕೊಟ್ಟು ನೋಡಬಹುದು. ಕಾಗದವಿಲ್ಲವೆಂದು ಪರದೆ ತಾನೇ ತಿಳಿಸಿ, ಕಾಗದ ಹಾಕಿದೊಡನೆ ಆ ಪುಟ ಹೊರಬಂದರೆ ಜೋಡಣೆ ಸರಿಯಾಗಿದೆ. ಬರಿದೇ ‘ದೋಷ’ ಎಂದು ನಿಂತರೆ, ಪ್ರಿಂಟರನ್ನು ಪಟ್ಟಿಯಿಂದ ಅಳಿಸಿ ಇನ್ನೊಮ್ಮೆ ಸೇರಿಸಬೇಕು.