ಬೆಲೆ ಅಂತರಜಾಲದಲ್ಲಿ, ರಿಪೇರಿ ಕುದ್ರೋಳಿಯಲ್ಲಿ

ಮಂಗಳೂರು: ನವರಾತ್ರಿ ಸಮೀಪಿಸಿತೆಂದರೆ ಕುದ್ರೋಳಿಯಲ್ಲಿ ಎರಡು ಸಡಗರಗಳು ಜತೆಯಾಗಿ ಬರುತ್ತವೆ. ಒಂದು, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಶ್ರೀ ಗೋಕರ್ಣನಾಥೇಶ್ವರ ಕ್ಷೇತ್ರದ ದಸರಾ. ಇನ್ನೊಂದು, ಅಂತರಜಾಲ ಮಳಿಗೆಗಳ ಹಬ್ಬದ ರಿಯಾಯಿತಿ ಮಾರಾಟ. ಮೊದಲನೆಯದು ರಸ್ತೆಯುದ್ದಕ್ಕೂ ದೀಪ ಹಚ್ಚುತ್ತದೆ. ಎರಡನೆಯದು ಅದೇ ಆಸುಪಾಸಿನ ಕಂಪ್ಯೂಟರ್ ಅಂಗಡಿಗಳ ವ್ಯಾಪಾರವನ್ನು ಮಂಕಾಗಿಸುತ್ತದೆ. ಆಯುಧಪೂಜೆಗೆ ಹೊಸ ಯಂತ್ರ ಕೊಳ್ಳುವ ಸಂಪ್ರದಾಯ ಉಳಿದಿದೆಯಾದರೂ, ಆ ಯಂತ್ರ ಈಗ ಬಹುಪಾಲು ಕೊರಿಯರ್ ಹುಡುಗನ ಚೀಲದಲ್ಲಿ ಮನೆಬಾಗಿಲಿಗೆ ಬರುತ್ತದೆ.

ಈ ಪೈಪೋಟಿಯ ಇತಿಹಾಸ ತೀರಾ ಹಳೆಯದೇನಲ್ಲ. ತೊಂಬತ್ತರ ದಶಕದಲ್ಲಿ ಹಾಗೂ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕರಾವಳಿಯ ಮನೆಗಳಿಗೆ ಬಂದ ಕಂಪ್ಯೂಟರ್‌ಗಳಲ್ಲಿ ದೊಡ್ಡ ಕಂಪನಿಗಳ ಮುದ್ರೆಯಿದ್ದವು ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮದರ್‌ಬೋರ್ಡ್, ರ್ಯಾಮ್, ಹಾರ್ಡ್ ಡಿಸ್ಕ್‌ಗಳು ರಾತ್ರಿ ಬಸ್ಸಿನ ಪಾರ್ಸೆಲ್‌ಗಳಾಗಿ ಘಟ್ಟವಿಳಿದು ಬರುತ್ತಿದ್ದವು. ಅವನ್ನು ಜೋಡಿಸಿ, ತಂತ್ರಾಂಶ ತುಂಬಿ, ಮನೆಗೆ ಒಯ್ದು ಚಾಲೂ ಮಾಡಿಕೊಡುವವರೆಗಿನ ಹೊಣೆ ಅಂಗಡಿಯವರದಾಗಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ ಮೇಲೆ ಮೋಡೆಮ್ ಕೂಡಿಸುವ ಕೆಲಸವೂ ಅದಕ್ಕೆ ಸೇರಿತು. ಅಂತರಜಾಲ ವ್ಯಾಪಿಸಲು ಹೀಗೆ ನೆರವಾದ ಅಂಗಡಿಗಳೇ ಮುಂದೆ ಅದರಿಂದ ಪೆಟ್ಟು ತಿಂದವು ಎಂಬುದು ವಿಪರ್ಯಾಸ.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭಗೊಂಡ ಫ್ಲಿಪ್‌ಕಾರ್ಟ್, 2010ರಲ್ಲಿ ಸರಕು ಕೈಸೇರಿದ ಬಳಿಕ ಹಣ ಪಾವತಿಸುವ ಅವಕಾಶ ಕಲ್ಪಿಸಿತು. ಕ್ರೆಡಿಟ್ ಕಾರ್ಡ್ ಇಲ್ಲದವರೂ, ಇದ್ದರೂ ಬಳಸಲು ಅಂಜುವವರೂ ಗಿರಾಕಿಗಳಾದರು. 2013ರ ಜೂನ್‌ನಲ್ಲಿ ಅಮೆಜಾನ್ ಭಾರತದ ಮಾರುಕಟ್ಟೆ ಪ್ರವೇಶಿಸಿತು. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಒಂದು ದಿನದ ಭಾರೀ ಮಾರಾಟದಲ್ಲಿ ಜಾಲತಾಣವೇ ತತ್ತರಿಸಿ, ಸ್ಥಾಪಕರು ಮರುದಿನ ಗ್ರಾಹಕರ ಕ್ಷಮೆ ಕೋರಬೇಕಾಯಿತು. ಆದರೂ ಹಬ್ಬದ ಖರೀದಿಯ ದಾರಿ ಬದಲಾಗಿತ್ತು.

ಅಂಗಡಿಯವರು ಬೆಲೆಯಲ್ಲಿ ಏಕೆ ಸೋಲುತ್ತಾರೆಂಬುದಕ್ಕೆ ಒಂದು ಲೆಕ್ಕ ಸಾಕು. ತೆರಿಗೆ ಸೇರಿ 50,000 ರೂ. ಬೆಲೆಯ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳೋಣ. ಶೇ.18ರ ಜಿಎಸ್‌ಟಿ 7,627 ರೂ. ಕಳೆದರೆ ಉಳಿಯುವುದು 42,373 ರೂ. ಇದರಲ್ಲಿ ಅಂಗಡಿಗೆ ಶೇ.5 ಸಿಗುತ್ತದೆಂದು ಭಾವಿಸಿದರೂ ಅದು 2,119 ರೂ. ಮಾತ್ರ. ಬಾಡಿಗೆ, ವಿದ್ಯುತ್, ಹುಡುಗರ ಸಂಬಳ, ವಿತರಕರಿಗೆ ಗಡುವಿನೊಳಗೆ ಕಟ್ಟಬೇಕಾದ ಹಣದ ಮೇಲಿನ ಬಡ್ಡಿ ಎಲ್ಲವೂ ಇದರಿಂದಲೇ ಹೊರಡಬೇಕು. ಅತ್ತ ಅಂತರಜಾಲದಲ್ಲಿ ಯಾವುದೋ ಬ್ಯಾಂಕಿನ ಕಾರ್ಡಿಗೆ 4,000 ರೂ. ಕಡಿತ ಘೋಷಣೆಯಾಯಿತೆಂದರೆ, ಅಂಗಡಿಯಾತ ತನ್ನ ಲಾಭವನ್ನೆಲ್ಲ ಬಿಟ್ಟುಕೊಟ್ಟರೂ ಸರಿಗಟ್ಟಲಾರ. ಆ ಕಡಿತದ ಹೊರೆಯನ್ನು ಬ್ಯಾಂಕು, ತಯಾರಕರು, ಮಾರಾಟತಾಣ ಹಂಚಿಕೊಳ್ಳಬಲ್ಲರು. ಅಂಗಡಿಯಾತನೊಂದಿಗೆ ಹಂಚಿಕೊಳ್ಳುವವರು ಯಾರೂ ಇಲ್ಲ.

ಸರಕಾರದ ನಿಯಮಗಳು ಇಲ್ಲವೆಂದಲ್ಲ. ವಿದೇಶಿ ಬಂಡವಾಳವಿರುವ ಮಾರಾಟತಾಣಗಳು ಸ್ವಂತ ದಾಸ್ತಾನು ಮಾರುವಂತಿಲ್ಲ, ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರುವಂತಿಲ್ಲ ಎಂದು ಕೇಂದ್ರವು 2016ರ ಮಾರ್ಚ್‌ನಲ್ಲಿಯೇ ಸೂಚಿಸಿತ್ತು. 2019ರ ಫೆಬ್ರವರಿ 1ರಿಂದ ಈ ನಿಬಂಧನೆಗಳು ಇನ್ನಷ್ಟು ಬಿಗಿಯಾದವು. ದಿಲ್ಲಿಯ ವರ್ತಕರ ಸಂಘಟನೆಯೊಂದರ ದೂರಿನ ಮೇರೆಗೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಎರಡೂ ದೊಡ್ಡ ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತು. ಕಂಪನಿಗಳು ಕರ್ನಾಟಕ ಹೈಕೋರ್ಟ್‌ನ ಮೊರೆಹೊಕ್ಕು ತಡೆಯಾಜ್ಞೆ ಪಡೆದವಾದರೂ 2021ರಲ್ಲಿ ಏಕಸದಸ್ಯ ಪೀಠ, ವಿಭಾಗೀಯ ಪೀಠ ಹಾಗೂ ಸುಪ್ರೀಂ ಕೋರ್ಟ್‌ಗಳಲ್ಲಿ ಕ್ರಮವಾಗಿ ಹಿನ್ನಡೆ ಅನುಭವಿಸಿದವು. ದೂರಿನ ಕೇಂದ್ರದಲ್ಲಿದ್ದುದು ಮೊಬೈಲ್ ಫೋನ್‌ಗಳು. ಲ್ಯಾಪ್‌ಟಾಪ್ ವರ್ತಕರ ಅಳಲೂ ಅದೇ ಬಗೆಯದು. ಕಂಪನಿಗಳು ಆರೋಪಗಳನ್ನು ನಿರಾಕರಿಸುತ್ತ ಬಂದಿವೆ. ಏನೇ ಇರಲಿ, ವ್ಯಾಜ್ಯ ಮುಗಿಯುವವರೆಗೆ ಬಾಡಿಗೆ ಕಟ್ಟುತ್ತ ಕುಳಿತಿರಲು ಗಲ್ಲಿಯ ಅಂಗಡಿಗೆ ಸಾಧ್ಯವಿಲ್ಲ.

ಉಪ್ಪುಗಾಳಿ, ಸಿಡಿಲು ಮತ್ತು ಬೆಸುಗೆ

ಹಾಗಿದ್ದೂ ಅಂಗಡಿಗಳು ಉಳಿದಿರುವುದಕ್ಕೆ ಕಾರಣವನ್ನು ಕರಾವಳಿಯ ಹವೆಯಲ್ಲೇ ಹುಡುಕಬೇಕು. ಕುದ್ರೋಳಿಯಿಂದ ಹಳೆಬಂದರು ಕೂಗಳತೆಯಲ್ಲಿದೆ, ಕಡಲೂ ದೂರವಿಲ್ಲ. ಗಾಳಿಯಲ್ಲಿನ ಉಪ್ಪು ಹಾಗೂ ಮಳೆಗಾಲದ ತೇವ ಒಂದುಗೂಡಿದಾಗ ಮದರ್‌ಬೋರ್ಡಿನ ತಾಮ್ರದ ಗೆರೆಗಳು ಕಿಲುಬು ಹಿಡಿಯುತ್ತವೆ, ರ್ಯಾಮ್ ಕೂರುವ ಸಂದುಗಳಲ್ಲಿ ಸಂಪರ್ಕ ಸಡಿಲಗೊಳ್ಳುತ್ತದೆ. ಬೇಸಗೆಯಲ್ಲಿ ಸರಿಯಾಗಿದ್ದ ಯಂತ್ರ ಜುಲೈಯಲ್ಲಿ ಏಕಾಏಕಿ ಸ್ತಬ್ಧವಾಗುವುದು ಇಲ್ಲಿನವರಿಗೆ ಹೊಸತಲ್ಲ. ಅನೇಕ ಸಲ ರ್ಯಾಮ್ ಕಳಚಿ, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದರೆ ಸಾಕಾಗುತ್ತದೆ. ಐದು ನಿಮಿಷದ ಈ ಕೆಲಸ ಗೊತ್ತಿಲ್ಲದವರು ಹೊಸ ಯಂತ್ರಕ್ಕೇ ಕೈಹಾಕುತ್ತಾರೆ.

ಮುಂಗಾರಿಗೆ ಮುನ್ನ ಮೇಯಲ್ಲಿ, ಹಿಂಗಾರಿನ ವೇಳೆ ಅಕ್ಟೋಬರ್‌ನಲ್ಲಿ ಸಿಡಿಲಿನ ಕಾಟ. ವಿದ್ಯುತ್ ತಂತಿಯಿಂದಲ್ಲದೆ ದೂರವಾಣಿ ತಂತಿಯಿಂದಲೂ ಹರಿದುಬರುವ ಆಘಾತಕ್ಕೆ ಮೊದಲು ಮೋಡೆಮ್, ಬಳಿಕ ಕಂಪ್ಯೂಟರಿನ ಜಾಲಸಂಪರ್ಕದ ಚಿಪ್ ಸುಟ್ಟುಹೋಗುತ್ತಿದ್ದ ಕಾಲವಿತ್ತು. ಗಾಜಿನ ತಂತು ಬಂದ ಮೇಲೆ ದೂರವಾಣಿ ತಂತಿಯ ದಾರಿ ಮುಚ್ಚಿತು, ವಿದ್ಯುತ್ತಿನ ದಾರಿ ಮುಚ್ಚಿಲ್ಲ. ಇಂತಹ ಹಾನಿಗೆ ಸಾಮಾನ್ಯವಾಗಿ ತಯಾರಕರ ವಾರಂಟಿ ಅನ್ವಯಿಸುವುದಿಲ್ಲ. ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ದರೆ ಇಡೀ ಬೋರ್ಡನ್ನೇ ಬದಲಿಸಬೇಕೆಂಬ ಉತ್ತರ ಸಿಗುವುದೇ ಹೆಚ್ಚು. ಅಂಗಡಿಯ ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಕುಳಿತವನು ಮಾತ್ರ ಸುಟ್ಟ ಚಿಪ್ ಯಾವುದೆಂದು ಹುಡುಕಿ, ಬಿಸಿಗಾಳಿಯಿಂದ ಅದನ್ನು ಕಿತ್ತು, ಬೇರೊಂದನ್ನು ಬೆಸೆಯುತ್ತಾನೆ. ಹಾರ್ಡ್ ಡಿಸ್ಕಿನಲ್ಲಿ ಸಿಲುಕಿದ ಮದುವೆಯ ಫೋಟೊ, ಸಹಕಾರ ಸಂಘದ ಲೆಕ್ಕ, ವಿದ್ಯಾರ್ಥಿಯ ಪ್ರಬಂಧಗಳಿಗೆ ರಿಯಾಯಿತಿ ದರ ಯಾವ ಜಾಲತಾಣದಲ್ಲೂ ಇಲ್ಲ.

ಇಲ್ಲಿರುವ ತೊಡಕು ಗ್ರಾಹಕರ ಗಮನಕ್ಕೆ ಬರುವುದು ಕಡಿಮೆ. ರಿಪೇರಿಯವನ ಸಂಬಳ ಹಿಂದೆ ಬಹುಮಟ್ಟಿಗೆ ಹೊಸ ಯಂತ್ರಗಳ ಮಾರಾಟದಿಂದ ಹೊರಡುತ್ತಿತ್ತು. ಆದ್ದರಿಂದಲೇ ಸಣ್ಣಪುಟ್ಟ ಕೆಲಸ ಪುಕ್ಕಟೆ, ಸಲಹೆಯೂ ಪುಕ್ಕಟೆ. ಮಾರಾಟ ಕೈಬಿಟ್ಟು ರಿಪೇರಿಯೊಂದೇ ಉಳಿದಾಗ ಪ್ರತಿ ಕೆಲಸಕ್ಕೂ ದರ ಕಟ್ಟಬೇಕಾಗುತ್ತದೆ. ಯಾವ ಮಾದರಿ ಒಳ್ಳೆಯದೆಂದು ಅಂಗಡಿಯಲ್ಲಿ ಅರ್ಧ ಗಂಟೆ ವಿಚಾರಿಸಿ, ಅಲ್ಲೇ ಮೊಬೈಲಿನಲ್ಲಿ ಬೆಲೆ ತಾಳೆನೋಡಿ, ಮರುವಾರ ಅಂತರಜಾಲದಲ್ಲಿ ಕೊಂಡ ಪೆಟ್ಟಿಗೆಯನ್ನು ಅದೇ ಅಂಗಡಿಗೆ ತಂದು "ಇದನ್ನೊಂದು ಸರಿಮಾಡಿ ಕೊಡಿ" ಎನ್ನುವವರಿಗೆ ಈ ದರ ದುಬಾರಿಯೆನಿಸುವುದು ಸಹಜ.

2020ರ ಲಾಕ್‌ಡೌನ್ ಈ ಅವಲಂಬನೆಯನ್ನು ಬಯಲುಮಾಡಿತು. ಏಪ್ರಿಲ್ 20ರಿಂದ ಅಂತರಜಾಲದಲ್ಲಿ ಲ್ಯಾಪ್‌ಟಾಪ್ ಮಾರಾಟಕ್ಕೆ ಅವಕಾಶವಾಗುವುದರಲ್ಲಿತ್ತು. ವರ್ತಕರ ವಿರೋಧದ ನಡುವೆ ಕೇಂದ್ರವು ಹಿಂದಿನ ದಿನವೇ ಅದನ್ನು ಹಿಂತೆಗೆದುಕೊಂಡಿತು. ಮುಂದೆ ಶಾಲೆಗಳು ಪರದೆಗೆ ಬಂದಾಗ ಹೊಸ ಲ್ಯಾಪ್‌ಟಾಪ್‌ಗಳಿಗೆ ಎಲ್ಲೆಡೆ ಅಭಾವ ತಲೆದೋರಿತು. ಅಟ್ಟದ ಮೇಲಿದ್ದ ಹಳೆಯ ಯಂತ್ರಗಳು ದೂಳು ಕೊಡವಿಕೊಂಡು ಅಂಗಡಿಗಳ ದಾರಿ ಹಿಡಿದವು.

ಅಂಗಡಿಗಳೆಲ್ಲ ಸಾಚಾ ಎನ್ನುವಂತೆಯೂ ಇಲ್ಲ. ಬಿಲ್ ಕೇಳಿದರೆ ಬೆಲೆ ಏರಿಸುವುದು, ಕಳ್ಳಪ್ರತಿ ತಂತ್ರಾಂಶ ತುಂಬುವುದು, ಬಳಸಿದ ಭಾಗವನ್ನು ಹೊಸದೆಂದು ಹಾಕುವುದು ಈ ವ್ಯಾಪಾರಕ್ಕಂಟಿದ ಹಳೆಯ ರೋಗಗಳು. ಮಾರಾಟತಾಣಗಳು ಕೆಲವೇ ದಿನಗಳ ಮಟ್ಟಿಗಾದರೂ ಕೊಡುವ ಬದಲಾವಣೆಯ ಭರವಸೆಯನ್ನು ಬರವಣಿಗೆಯಲ್ಲಿ ಕೊಡುವ ಅಂಗಡಿಗಳು ವಿರಳ. ಗಿರಾಕಿ ಕೈತಪ್ಪಲು ಬೆಲೆಯೊಂದೇ ಕಾರಣವಲ್ಲ.

ಅಂತರಜಾಲದಲ್ಲಿ ಕೊಂಡವರಿಗೂ ಊರಿನಲ್ಲೇ ನ್ಯಾಯ ಕೇಳುವ ಹಕ್ಕಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೂರುದಾರರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು. ಕುದ್ರೋಳಿಯ ನಿವಾಸಿ ಬೆಂಗಳೂರಿಗೋ ದಿಲ್ಲಿಗೋ ಅಲೆಯಬೇಕಿಲ್ಲ. ಅದಕ್ಕೆ ಮೊದಲು ಮಾರಾಟತಾಣದ ಕುಂದುಕೊರತೆ ಅಧಿಕಾರಿಗೆ ಬರೆದರೆ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕೆಂದು ನಿಯಮವಿದೆ. ಬಿಲ್ ಮಾತ್ರ ಜೋಪಾನವಾಗಿಡಬೇಕು, ಅಂಗಡಿಯದ್ದಾದರೂ ಸರಿ, ಅಂತರಜಾಲದ್ದಾದರೂ ಸರಿ.

ಇತ್ತೀಚಿನ ಎರಡು ಬೆಳವಣಿಗೆಗಳು ಅಂಗಡಿಯ ಮೇಜಿಗೆ ಮತ್ತೆ ಕೆಲಸ ತಂದಿವೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲವಾದ್ದರಿಂದ, ಯಂತ್ರವನ್ನು ಬಿಸುಡಬೇಕೋ, ಎಸ್‌ಎಸ್‌ಡಿ ಹಾಕಿ ಲಿನಕ್ಸ್‌ಗೆ ಬದಲಿಸಬೇಕೋ ಎಂಬ ಪ್ರಶ್ನೆ ಹೊತ್ತು ಜನ ಬರುತ್ತಿದ್ದಾರೆ. ಜತೆಗೆ, ಮೆಮೊರಿ ತಯಾರಕರು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳತ್ತ ಮುಖಮಾಡಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ತೀವ್ರವಾಗಿ ಏರಿತು. ಬಿಡಿ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮೆಮೊರಿ ಮಾರುತ್ತಿದ್ದ ಮೈಕ್ರಾನ್ ಕಂಪನಿಯು ಆ ವ್ಯವಹಾರವನ್ನೇ ಕೈಬಿಡುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಕೆಟ್ಟ ಯಂತ್ರಗಳಿಂದ ಕಳಚಿ ಅಂಗಡಿಯ ಡಬ್ಬಿಯಲ್ಲಿ ತುಂಬಿಟ್ಟಿದ್ದ ಹಳೆಯ ರ್ಯಾಮ್‌ಗಳನ್ನೂ ಈಗ ಗಿರಾಕಿಗಳು ಕೇಳಿಕೊಂಡು ಬರುವಂತಾಗಿದೆ.